ವರ್ಷಕ್ಕೆ ಎಪ್ಪತ್ತು ಪಾಯಿಂಟಿನ ಚಳಿ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕಾಸ್ಟಿಂಗ್ ಮಾಡುವವರನ್ನು ಮದುವೆ ಊಟಕ್ಕೆ ಕರೆಯಲು ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಎಲೆ ಮುಂದೆ ಕೂತರೂ ಅವರು ಪಾಯಸಕ್ಕೆಷ್ಟು, ವಡೆಗೆಷ್ಟು ಎಂದು ಒಳಗೊಳಗೇ ಗುಣಿಸುತ್ತಿರುತ್ತಾರೆ. ಅವಿನಾಶಿಯ ಚೆನ್ನಕೇಶವನ್ ಅಂಥ ಕೆಲಸವನ್ನು ಮೂವತ್ತೆರಡು ವರ್ಷ ಮಾಡಿದವರು. ಒಂದು ಟೀ ಶರ್ಟಿಗೆ ನೂಲೆಷ್ಟು, ಬಣ್ಣವೆಷ್ಟು, ಕಟಿಂಗ್, ಹೊಲಿಗೆ, ಇಸ್ತ್ರಿ, ಪೆಟ್ಟಿಗೆ ಎಷ್ಟು ಎಂದು ಬರೆದು, ಕಡೆಯ ಸಾಲಿನಲ್ಲಿ ವೇಸ್ಟೇಜ್ ಎಂದು ನೂರಕ್ಕೆ ಇಷ್ಟು ಸೇರಿಸಿ, ಆಮೇಲೆ ಬೆಲೆ ಬಾಯಿಬಿಡುತ್ತಿದ್ದರು. ವೇಸ್ಟೇಜ್ ಹಾಕಲು ಮರೆತವನಿಗೆ ಅವರಿಂದ ಅರ್ಧ ಗಂಟೆ ಮಂಗಳಾರತಿ. ಹಾಳಾಗುವುದನ್ನು ಲೆಕ್ಕಕ್ಕೆ ಹಿಡಿಯದವನು ಲೆಕ್ಕವನ್ನೇ ಮಾಡಿಲ್ಲ ಎಂಬುದು ಅವರ ವಾದವಾಗಿತ್ತು.

ಹೆಂಡತಿ ಕಲೈಸೆಲ್ವಿ ಮದುವೆಗೆ ಮುಂಚೆಯೂ ಆಮೇಲೂ ಸೇರಿ ಹದಿನೆಂಟು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರು. ಹತ್ತಿಯ ಧೂಳು, ತಗಡಿನ ಸೂರು, ಬೆವರು. ಮಳೆ ಬಿಟ್ಟ ಮಾರನೆಯ ಬೆಳಗ್ಗೆ ಅವರ ಮನೆಯ ತಾರಸಿಯಿಂದ ವಾಯುವ್ಯಕ್ಕೆ ನೀಲಗಿರಿಯ ಸಾಲು ಕಾಣುತ್ತಿತ್ತು. ಬಟ್ಟೆ ಒಣಹಾಕಲು ಹೋದವರು ಅಲ್ಲೇ ನಿಂತುಬಿಡುತ್ತಿದ್ದರು.

"ಏನ್ರಿ, ಅಲ್ಲಿ ಬಾಯಿ ತೆಗೆದ್ರೆ ಹೊಗೆ ಬರ್ತದಂತೆ. ನಿಜನಾ?"

"ಆಮಾ, ಬರ್ತದೆ," ಎನ್ನುತ್ತಿದ್ದರು ಚೆನ್ನಕೇಶವನ್. ಹೊರದೇಶದ ಗಿರಾಕಿಯೊಬ್ಬರನ್ನು ಕರೆದುಕೊಂಡು ಅವರು ಒಮ್ಮೆ ಡಿಸೆಂಬರಿನಲ್ಲಿ ಊಟಿಗೆ ಹೋಗಿ ಬಂದಿದ್ದರು. ಅವತ್ತು ಹಲ್ಲು ಕಟಕಟ ಅಂದಿತ್ತು, ಬೆರಳಿನ ತುದಿ ಯಾರದೋ ಬೆರಳಿನಂತಾಗಿತ್ತು. ಕಲೈಸೆಲ್ವಿಗೆ ಬೇಕಾಗಿದ್ದದ್ದು ಅಷ್ಟೇ. ಹೂವಿನ ತೋಟವಲ್ಲ, ದೋಣಿಯಲ್ಲ, ಒಂದು ಸಲ ಚೆನ್ನಾಗಿ ಚಳಿಯಾಗಬೇಕು. ಗಂಡನ ಕಂಪನಿಯಲ್ಲಿ ಯಾರ್ಯಾರಿಗೋ ದಪ್ಪನೆಯ ಉಣ್ಣೆಯಂಥ ಅಂಗಿ ಹೊಲಿಯುತ್ತಿದ್ದರು. ಕಲೆಬಿದ್ದು ತಿರಸ್ಕಾರವಾದ ಎರಡನ್ನು ಅವರು ಮನೆಗೆ ತಂದಿದ್ದರು, ಹೆಂಡತಿಗೊಂದು, ತಮಗೊಂದು. ಅವಿನಾಶಿಯಲ್ಲಿ ಅದನ್ನು ಹಾಕಿಕೊಂಡರೆ ನೋಡಿದವರು ಜ್ವರವಾ ಎಂದು ಕೇಳಿಯಾರು.

2016ರ ಕೊನೆಯಲ್ಲಿ ಕೊಯಮತ್ತೂರಿನ ಒಂದು ಹೋಟೆಲಿಗೆ ದಂಪತಿ ಸಮೇತ ಬರಬೇಕು, ಊಟ ಉಚಿತ ಎಂದು ಫೋನ್ ಬಂತು. ಮುಂದಿನ ತಿಂಗಳು ಇನ್ನೊಂದು ಕಂಪನಿಯವರೂ ಕರೆದರು. ಎರಡೂ ಕಡೆ ಮಾರುವುದು ಒಂದೇ ಸರಕು. ಈಗ ಒಟ್ಟಿಗೆ ದುಡ್ಡು ಕಟ್ಟಿದರೆ ಇಪ್ಪತ್ತೈದು ವರ್ಷ, ವರ್ಷಕ್ಕೆ ಎಪ್ಪತ್ತು ಪಾಯಿಂಟ್ ಸಿಗುತ್ತದೆ; ಸೀಸನ್ನಿನಲ್ಲಿ ಹತ್ತು ಪಾಯಿಂಟಿಗೆ ಬೆಟ್ಟದ ಮೇಲಿನ ಅವರ ಹೋಟೆಲಿನಲ್ಲಿ ಒಂದು ರಾತ್ರಿ. ಬೇರೆಯವರಾಗಿದ್ದರೆ ಊಟದ ಹೊಟ್ಟೆಯಲ್ಲೇ ಸಹಿ ಹಾಕಿರುತ್ತಿದ್ದರು. ಚೆನ್ನಕೇಶವನ್ ಎರಡೂ ಕಾಗದ ಮನೆಗೆ ತಂದು, ನೂಲಿನ ಗಿರಣಿಗಳಿಗೆ ಬರೆಯುವಂತೆ ಎ ಪಾರ್ಟಿ, ಬಿ ಪಾರ್ಟಿ ಎಂದು ಗೆರೆ ಎಳೆದರು.

ಎ ಪಾರ್ಟಿಗೆ ಎರಡು ಲಕ್ಷ ತೊಂಬತ್ತು ಸಾವಿರ, ಮೇಲೆ ವರ್ಷಕ್ಕೆ ಹದಿನಾಲ್ಕು ಸಾವಿರ ನಿರ್ವಹಣೆಗೆ. ಬಿ ಪಾರ್ಟಿಗೆ ನಾಲ್ಕು ಲಕ್ಷ ಹತ್ತು ಸಾವಿರ, ನಿರ್ವಹಣೆ ಹನ್ನೊಂದು ಸಾವಿರ. ಎಲ್ಲವನ್ನೂ ರಾತ್ರಿಗಳಿಗೆ ಭಾಗಿಸಿದರೆ ಎ ಪಾರ್ಟಿಯಲ್ಲಿ ಒಂದು ರಾತ್ರಿಗೆ ಇನ್ನೂರೈವತ್ತೇಳು ರೂಪಾಯಿ ಉಳಿತಾಯ. ಇನ್ನೊಂದು ವ್ಯತ್ಯಾಸವೂ ಇತ್ತು. ಎ ಪಾರ್ಟಿಯಲ್ಲಿ ಆ ವರ್ಷದ ಪಾಯಿಂಟ್ ಆ ವರ್ಷವೇ ಮುಗಿಯಬೇಕು, ಇಲ್ಲದಿದ್ದರೆ ಹೋಯಿತು. ಬಿ ಪಾರ್ಟಿಯಲ್ಲಿ ನಾಲ್ಕು ವರ್ಷ ಇಟ್ಟುಕೊಳ್ಳಬಹುದು.

"ಅದು ಒಳ್ಳೇದಲ್ವಾ?" ಎಂದು ಕಲೈಸೆಲ್ವಿ ಕೇಳಿದರು.

"ವರ್ಷಾ ವರ್ಷಾ ಹೋಗೋರಿಗೆ ಅದ್ಯಾಕೆ? ನಾವು ಬಿಡೋದೇ ಇಲ್ವಲ್ಲ," ಎಂದರು ಅವರು, ಆ ಸೌಲಭ್ಯದ ಮುಂದೆ ಸೊನ್ನೆ ಬರೆದು. ಎ ಪಾರ್ಟಿಗೆ ಸಹಿಯಾಯಿತು. ಇಡೀ ಕಾಗದದಲ್ಲಿ ವೇಸ್ಟೇಜ್ ಎಂಬ ಸಾಲೇ ಇರಲಿಲ್ಲ. ತಮ್ಮ ಮನೆಯ ಸಂತೋಷಕ್ಕೆ ವೇಸ್ಟೇಜ್ ಹಾಕಬೇಕೆಂದು ಯಾವ ಬುದ್ಧಿವಂತನಿಗೆ ತೋಚುತ್ತದೆ, ಹೇಳಿ.

ದುಡ್ಡು ಕಟ್ಟಿದ ಹತ್ತೊಂಬತ್ತನೆಯ ದಿನ ಚಿಕ್ಕಪ್ಪನೊಬ್ಬರು ತೀರಿಕೊಂಡರು. ತಾಯಿ ಪಳನಿಯಮ್ಮಾಳ್ ಸೂತಕದ ಸ್ನಾನ ಮುಗಿಸಿ ಬಂದು, ತಲೆ ಒರೆಸಿಕೊಳ್ಳುತ್ತಲೇ ಹೇಳಿದರು: "ಕೇಶವಾ, ವರ್ಷ ತುಂಬೋ ತನಕ ಮಲೆ ಏರಕೂಡದು ಕಂದಾ. ನಮ್ಮತ್ತೆ ಹೇಳಿಕೊಟ್ಟದ್ದು."

ಆ ಕಡೆಯ ಕನ್ನಡ ಒಕ್ಕಲು ಮನೆಗಳಲ್ಲಿ ಪಂಗಾಳಿ ಎಂದರೆ ಒಂದೇ ಮೂಲದ ದಾಯಾದಿಗಳು, ಸಾವಿನ ಸೂತಕ ಹಂಚಿಕೊಳ್ಳುವವರು. ಇವರಿಗೆ ಅಂಥ ಮನೆಗಳು ಇಪ್ಪತ್ತಮೂರು. ಇಪ್ಪತ್ತಮೂರು ಮನೆಯಲ್ಲಿ ವರ್ಷಕ್ಕೊಬ್ಬರು ಮುದುಕರು ಹೋಗುವುದು ದೊಡ್ಡ ವಿಷಯವೇನಲ್ಲ. ಅವರೂ ಸರದಿ ಹಾಕಿಕೊಂಡವರ ಹಾಗೆ, ಒಬ್ಬರ ವರ್ಷ ಮುಗಿಯುವ ಮೊದಲು ಇನ್ನೊಬ್ಬರು ಹೊರಟರು. ನಡುವೆ ಕೊರೊನಾ ಬಂದು ಎರಡು ವರ್ಷ ನುಂಗಿತು. 2022ರಲ್ಲಿ ಮಾತ್ರ, ಕೊನೆಗೆ ಹೋದವರ ವರ್ಷ ತುಂಬಿದ ಮೇಲೂ ಒಂದೂವರೆ ತಿಂಗಳು ಯಾರೂ ಸಾಯಲಿಲ್ಲ. ತಕ್ಷಣ ರೂಮು ಗೊತ್ತು ಮಾಡಿ, ಆ ಎರಡು ದಪ್ಪ ಅಂಗಿ ಮಡಚಿಟ್ಟುಕೊಂಡು, ಗಂಡ ಹೆಂಡತಿ ಮೇಟ್ಟುಪ್ಪಾಳಯಂ ತಲುಪಿದರು. ಬೆಟ್ಟದ ಬುಡದ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಫೋನ್ ಬಂತು. ತೊಂಬತ್ತೊಂದು ವರ್ಷದ ಚಿಕ್ಕಜ್ಜಿ. ಕಲೈಸೆಲ್ವಿ ಕೈ ತೊಳೆದು ಬಂದು ಚೀಲ ಎತ್ತಿಕೊಂಡರು. ಊಟಿ ಬಸ್ಸು ಅವರ ಕಣ್ಣೆದುರೇ ಹೊರಟಿತು, ಅದರಲ್ಲಿ ಸೀಟೂ ಖಾಲಿಯಿತ್ತು. ವಾಪಸು ಬರುವ ದಾರಿಯಲ್ಲಿ ಅವರು ಅಳಲಿಲ್ಲ, ದೂರಲೂ ಇಲ್ಲ. ಅಳಬೇಕಿತ್ತು ಎಂದು ನನಗನ್ನಿಸುತ್ತದೆ.

ಕಳೆದ ಆಗಸ್ಟಿನಲ್ಲಿ ಕೊಯಮತ್ತೂರಿನ ಡಾಕ್ಟರು ಕಲೈಸೆಲ್ವಿಯ ಎದೆಯ ಫೋಟೊ ಬೆಳಕಿಗೆ ಹಿಡಿದು, ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿದೆ, ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಳ್ಳಿ ಎಂದರು. ಬೆಟ್ಟಕ್ಕೆ ಹೋಗಬಹುದೇ ಎಂದು ಚೆನ್ನಕೇಶವನ್ ಕೇಳಿದರು. ಡಾಕ್ಟರು ಅವರ ಮುಖ ನೋಡಿ, ಹೋದ ವರ್ಷವಾಗಿದ್ದರೆ ಹೋಗಿ ಎನ್ನುತ್ತಿದ್ದೆ, ಇನ್ನು ಯಾವತ್ತೂ ಬೇಡ ಎಂದರು.

ಅಂದಿನಿಂದ ಚೆನ್ನಕೇಶವನ್ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವಾದರೂ ಬರಲಿ ಎಂದು ಕಾದರು, ಅದೂ ಬರಲಿಲ್ಲ. ಯಂತ್ರ ಹಗಲೆಲ್ಲ ಗುಂಯ್ ಎನ್ನುತ್ತಿತ್ತು. ಅವರು ಅದರ ನೀರು ಬದಲಿಸುತ್ತಿದ್ದರು, ಕೊಳವೆ ತೊಳೆಯುತ್ತಿದ್ದರು, ತಾಯಿಗೂ ಹೆಂಡತಿಗೂ ಅನ್ನ ಬಡಿಸುತ್ತಿದ್ದರು. ಕಂಪನಿಯ ಹುಡುಗಿ ಫೋನ್ ಮಾಡಿ ಪಾಯಿಂಟ್ ಕೊನೆಯಾಗುತ್ತಿದೆ ಎಂದು ಎಚ್ಚರಿಸಿದಾಗ ಥ್ಯಾಂಕ್ಸ್ ಎಂದರು.

ಈ ಫೆಬ್ರವರಿಯಲ್ಲಿ ಪಳನಿಸಾಮಿ ಎಂಬ ಪಂಗಾಳಿಯ ವರ್ಷದ ತಿಥಿ ಬಂತು. ಸತ್ತವರ ಅಣ್ಣ ಲಿಂಗಪ್ಪನ್, ಎಂಬತ್ತಾರು ವರ್ಷ, ಇಪ್ಪತ್ತಮೂರು ಮನೆಗೂ ಹಿರಿಯರು. ಯಾವ ಶಾಸ್ತ್ರದಲ್ಲಿ ಅನುಮಾನ ಬಂದರೂ ಅವರ ಬಾಯಿಂದ ಬಂದದ್ದೇ ಕೊನೆ ಮಾತು. ಎಲೆಯೂಟ ಮುಗಿದ ಮೇಲೆ ಅವರು ಜಗುಲಿಯಲ್ಲಿ ಕೂತು, ಪುಟ್ಟ ಶೀಶೆಯಿಂದ ಎಣ್ಣೆ ಸುರಿದುಕೊಂಡು ಮಂಡಿಗೆ ತಿಕ್ಕುತ್ತಿದ್ದರು. ಜಗುಲಿಯೆಲ್ಲ ನೀಲಗಿರಿ ಎಣ್ಣೆಯ ಘಾಟು.

"ಕಲೈಸೆಲ್ವಿ ಹೇಗಿದಾಳೆ ತಂಬಿ?"

"ಹಾಗೇ ಇದಾಳೆ ದೊಡ್ಡಪ್ಪ."

"ಇದನ್ನ ತಗೊಂಡೋಗಿ ಕೊಡು. ಕರ್ಚೀಫಿಗೆ ಎರಡು ಹನಿ ಹಾಕಿ ಮೂಸಲಿ. ಅಂಗಡಿ ಮಾಲಲ್ಲ, ಊಟಿಯಲ್ಲಿ ಕಾಯಿಸೋ ಜಾಗದಲ್ಲೇ ತಂದದ್ದು. ಹೋದ ಮೇ ತಿಂಗಳು ಮೊಮ್ಮಗ ಕಾರಲ್ಲಿ ಕೂರಿಸ್ಕೊಂಡು ಹೋಗಿದ್ದ. ನಾಲ್ಕು ದಿನ ಇದ್ವಿ."

ಚೆನ್ನಕೇಶವನ್ ಶೀಶೆ ಹಿಡಿದುಕೊಂಡು ನಿಂತರು. "ಹೋದ ಮೇ ತಿಂಗಳಾ? ಪಳನಿಸಾಮಿ ಚಿಕ್ಕಪ್ಪ ಹೋಗಿ ಆಗ ಮೂರು ತಿಂಗಳಾಗಿರಬೇಕು."

"ಆಮಾ. ಅದಕ್ಕೇನು?"

"ವರ್ಷದೊಳಗೆ ಮಲೆ ಏರಕೂಡದಲ್ವಾ ದೊಡ್ಡಪ್ಪ?"

ಲಿಂಗಪ್ಪನ್ ಮಂಡಿಯ ಮೇಲಿನ ಕೈ ನಿಲ್ಲಿಸಿದರು. "ಮಲೆ ಮೇಲಿರೋ ದೇವರ ಹತ್ರ ಹೋಗಕೂಡದು. ಪಳನಿ ಏರಬಾರದು, ಮಹದೇಶ್ವರನ ಬೆಟ್ಟಕ್ಕೆ ಹೋಗಬಾರದು. ಊಟಿಯಲ್ಲಿ ರೂಮ್ ಹಿಡಿದು ಮಲಗೋದಕ್ಕೆ ಯಾವ ಸೂತಕ? ಯಾರು ಹೇಳಿದ್ದು ನಿನಗೆ?"

"ಯಾರೂ ಇಲ್ಲ ದೊಡ್ಡಪ್ಪ."

"ನನ್ನ ಒಂದ್ಮಾತು ಕೇಳೋದಲ್ವಾ?"

ಹೌದು, ಕೇಳಬೇಕಿತ್ತು. ಎ ಪಾರ್ಟಿಯವನನ್ನು ಅವರು ನಲವತ್ತು ಪ್ರಶ್ನೆ ಕೇಳಿದ್ದರು. ಬಿ ಪಾರ್ಟಿಯವನು ಬೆವರು ಒರೆಸಿಕೊಂಡಿದ್ದ. ಎರಡು ಬೀದಿ ಆಚೆ ಇರುವ ಈ ಮುದುಕರನ್ನು ಎಂಟು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತಾಯಿ ಹೇಳಿದ ಮೇಲೆ ಮುಗಿಯಿತು ಎಂದುಕೊಂಡಿದ್ದರು. ನಡೆದು ಮನೆಗೆ ಬರುವಾಗ ಅಭ್ಯಾಸಬಲದಿಂದ ತಲೆ ತಾನೇ ಗುಣಿಸಿತು: ಎಂಟು ವರ್ಷ, ವರ್ಷಕ್ಕೆ ಏಳು, ಐವತ್ತಾರು ರಾತ್ರಿ. ಕೊರೊನಾದ ಹದಿನಾಲ್ಕು ಕಳೆದರೆ ನಲವತ್ತೆರಡು. ಅಂಕಿ ಬಂತು, ಅದರ ಹಿಂದೆ ಬೇರೇನೂ ಬರಲಿಲ್ಲ.

ಮನೆಯಲ್ಲಿ ಕಲೈಸೆಲ್ವಿ ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು, ಮೂಗಿನಲ್ಲಿ ಕೊಳವೆ. ಪಳನಿಯಮ್ಮಾಳ್ ಅವರ ಕಾಲ ಬಳಿ ಕೂತು ಸೊಸೆಗೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಂಬತ್ತೆರಡು ವರ್ಷದ ಆ ಕೈ ಈಗ ನಡುಗುತ್ತಿತ್ತು. ಒಂದು ಎಸಳಿಗೆ ಮೂರು ಸಲ ಉಗುರು ಹಾಕಬೇಕಾಗುತ್ತಿತ್ತು.

ಅವರು ಎರಡು ಹನಿ ಹಾಕಿ ಕೊಟ್ಟ ಕರ್ಚೀಫಿನ ವಾಸನೆ ಹಿಡಿದ ಕಲೈಸೆಲ್ವಿಯ ಮುಖ ಅರಳಿತು. "ಎಲ್ಲೀದು ಇದು?"

"ಲಿಂಗಪ್ಪನ್ ದೊಡ್ಡಪ್ಪ ಕೊಟ್ರು. ಊಟಿಯದು."

ಅವರು ಉಸಿರು ಕೂಡಿಸಿಕೊಂಡು ಕೇಳಿದರು: "ಮಾವ ಊಟಿಗೆ ಹೋಗಿದ್ರಾ? ಯಾವಾಗ?"

ಬೆಳ್ಳುಳ್ಳಿ ಸುಲಿಯುತ್ತಿದ್ದ ಕೈ ನಿಂತಿತು. ಪಳನಿಯಮ್ಮಾಳ್ ತಲೆ ಎತ್ತಿ ಮಗನನ್ನು ನೋಡಿದರು. ಚೆನ್ನಕೇಶವನ್ ಇಬ್ಬರ ಮುಖವನ್ನೂ ನೋಡಿದರು. ಆಗಸ್ಟಿನಿಂದ ಮರಗಟ್ಟಿದ್ದ ಎದೆಯಲ್ಲಿ ಎಲ್ಲೋ ಒಂದು ಕಡೆ ನೋವು ಶುರುವಾಯಿತು. ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ತುಂಬಾ ಹಿಂದೆ," ಎಂದರು. "ಈ ಸಾವುಗಳೆಲ್ಲ ಶುರುವಾಗೋದಕ್ಕೂ ಮೊದಲು."

"ಅದೇ ಮತ್ತೆ," ಎಂದರು ಪಳನಿಯಮ್ಮಾಳ್, ಇನ್ನೊಂದು ಎಸಳು ತೆಗೆದುಕೊಳ್ಳುತ್ತ. "ಅವರು ಶಾಸ್ತ್ರ ಬಿಡೋರಲ್ಲ."

ಕಲೈಸೆಲ್ವಿ ತಲೆಯಾಡಿಸಿದರು. "ನಮಗೆ ಕಾಲ ಕೂಡಿ ಬರ್ಲಿಲ್ಲ. ಯಾರ ತಪ್ಪು?" ಎಂದು ಶೀಶೆ ಇಸಿದುಕೊಂಡು, ಒಂದು ಹನಿ ಮುಂಗೈಗೆ ಹಚ್ಚಿಕೊಂಡು ಫ್ಯಾನಿನ ಗಾಳಿಗೆ ಹಿಡಿದರು. ಕೈ ತಣ್ಣಗಾಗುವುದನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡಿದರು.

"ಏನ್ರಿ, ನೀವು ಹೋಗಿ ಬಂದೋರು ತಾನೆ. ಊಟಿ ಚಳಿ ಅಂದ್ರೆ ಇಷ್ಟೇನಾ?"

ಚೆನ್ನಕೇಶವನ್ ಮಂಚದ ತುದಿಯಲ್ಲಿ ಕೂತು ಆ ಕೈಯನ್ನು ತಮ್ಮ ಎರಡು ಕೈಯೊಳಗೆ ತೆಗೆದುಕೊಂಡರು.

"ಇಷ್ಟೇ ಕಣೆ," ಎಂದರು. "ಇದಕ್ಕಿಂತ ಜಾಸ್ತಿ ಏನಿಲ್ಲ."