ಒಂಬತ್ತೂವರೆಯ ಮೆಣಸಿನಕಾಯಿ

ಟಿಕ್, ಟಿಕ್, ಟಿಕ್. ಇಪ್ಪತ್ತು ಹೆಂಗಸರು ಸಾಲಾಗಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಸದ್ದು ಅದು. ನಿಂತು ವರ್ಷಗಳಾದವು, ಆದರೂ ಒಮ್ಮೊಮ್ಮೆ ಕಿವಿಯಲ್ಲಿ ಶುರುವಾಗಿಬಿಡುತ್ತದೆ. ಮೊನ್ನೆ ರಾಣೇಬೆನ್ನೂರಿನ ನಮ್ಮ ಮನೆಗೆ ತಂಗಿಯ ಮೊಮ್ಮಗಳು ಬಂದು, ತಾನು ತೆರೆಯಲಿರುವ ರೊಟ್ಟಿ ಕೇಂದ್ರದ ಪ್ಲ್ಯಾನನ್ನು ಫೋನಿನಲ್ಲಿ ತೋರಿಸಿದಳು. ಬಣ್ಣ ಬಣ್ಣದ ಪಟ್ಟಿಗಳು, ಒಂದರ ಬಾಲ ಹಿಡಿದು ಇನ್ನೊಂದು.

"ರೊಟ್ಟಿ ಬಡಿಯೋರಿಗೆ ಇದನ್ನ ತೋರ್ಸೀಯೇನವಾ?" ಎಂದೆ.

"ಅವ್ರಿಗೇನ್ ತಿಳೀತೈತಿ ಅಜ್ಜಿ? ಇದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್."

ಮೈಯೆಲ್ಲ ಉರಿದುಹೋಯಿತು. ಅವಳ ಮೇಲಿನ ಸಿಟ್ಟಲ್ಲ. ಅದೇ ಮಾತನ್ನು ಅದೇ ದನಿಯಲ್ಲಿ ನಾನೂ ಒಮ್ಮೆ ಆಡಿದ್ದೆ.

ಹಾವೇರಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ಹೊಸತು. ನಮ್ಮವರ ಬೀಜದ ವ್ಯಾಪಾರ ನಿಂತು, ಬ್ಯಾಡಗಿಯಲ್ಲಿ ಅವರ ತಗಡಿನ ಗೋದಾಮು ಖಾಲಿ ಬಿದ್ದಿತ್ತು. ಮೆಣಸಿನಕಾಯಿಯ ತೊಟ್ಟು ತೆಗೆಸಿ, ಚೀಲ ತುಂಬಿಸಿ, ಪರವೂರಿನ ಮಸಾಲೆ ಕಂಪನಿಯೊಂದಕ್ಕೆ ಕಳಿಸುವುದೆಂದು ನಿಶ್ಚಯಿಸಿದೆ. ಕಂಪನಿಯದು ಒಂದೇ ಷರತ್ತು: ಕಾಯಿ ಒಡೆದಿರಬಾರದು. ಮೊದಲ ಲಾಟ್ ಪಾಸಾದರೆ ಇಪ್ಪತ್ತು ಹೆಂಗಸರಿಗೆ ವರ್ಷವಿಡೀ ನೆರಳಲ್ಲಿ ಕುಳಿತು ಮಾಡುವ ಕೆಲಸ. ಇಲ್ಲದಿದ್ದರೆ ಗೋದಾಮಿಗೆ ಮತ್ತೆ ಇಲಿಗಳೇ ಯಜಮಾನರು.

ಯಾವ ದಿನ ಯಾವ ಕೆಲಸ ಮುಗಿಯಬೇಕೆಂದು ಡ್ರಾಯಿಂಗ್ ಶೀಟಿನ ಮೇಲೆ ಚಾರ್ಟ್ ಬರೆದೆ. ಕಾನ್ವೆಂಟಿನಲ್ಲಿ ಮಾರ್ಜಿನ್ ಸೊಟ್ಟಗಾದರೆ ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಿಂದ ಬಾರಿಸುತ್ತಿದ್ದರು ನೋಡಿ, ಆ ಭಯ ಮುದುಕಿಯಾದರೂ ಹೋಗಿಲ್ಲ. ಗೆರೆಗಳೆಲ್ಲ ಪರ್ಫೆಕ್ಟ್. ಆದರೆ ಅವುಗಳ ಮೇಲೆ ನಡೆಯಬೇಕಾದ ಮನುಷ್ಯರು? ವೈರಿಂಗಿನವನು ಮೂರು ವಾರ "ನಾಳೆ ಪಕ್ಕಾ ರೀ ಅಕ್ಕಾರ" ಎಂದ. ಯಾವ ನಾಳೆಯಪ್ಪಾ ಎಂದು ರೇಗಿದರೆ, "ಸಿಟ್ಟ್ಯಾಕ್ರಿ, ನಾಳೆ ದಿನಾ ಬರ್ತೈತಲ್ರಿ" ಎಂದು ನಕ್ಕ. ನಾನು ರಬ್ಬರ್ ಹಿಡಿದು ಚಾರ್ಟನ್ನು ಅಳಿಸಿ ಅಳಿಸಿ ಶೀಟು ತೂತಾಯಿತು.

ಅಂತೂ ಶೆಡ್ ಸಿದ್ಧವಾದಾಗ ಕದರಮಂಡಲಗಿಯಿಂದ ಗಂಗವ್ವ ತನ್ನ ಗುಂಪು ಕಟ್ಟಿಕೊಂಡು ಬಂದಳು. ನನ್ನದೇ ವಯಸ್ಸು, ಬೆರಳ ತುದಿಗಳು ಮಾತ್ರ ಮೆಣಸಿನ ಬಣ್ಣ ಕುಡಿದು ಕೆಂಪಾಗಿದ್ದವು. ಗೋಡೆಯ ಚಾರ್ಟಿಗೆ ಒಮ್ಮೆ ಕೈಮುಗಿದು, "ಅಕ್ಕಾರ, ನಾವು ನಸುಕಿನ್ಯಾಗ ಬರ್ತೇವ್ರಿ. ರಾತ್ರಿ ತಂಪಿಗೆ ಕಾಯಿ ಮೆತ್ತಗಾಗಿರ್ತಾವು. ಹೊತ್ತೇರಿತಂದ್ರ ಗರಿಗರಿ ಆಗಿ ಒಡೀತಾವು" ಎಂದಳು.

ನಸುಕಿಗೆ ಕೀಲಿ ತೆರೆಯುವವರು ಯಾರು? ರಾಣೇಬೆನ್ನೂರಿನಿಂದ ನಾನು ಅಷ್ಟು ಹೊತ್ತಿಗೆ ಹೇಗೆ ಬರಲಿ? ಮೇಲಾಗಿ ಚಾರ್ಟಿನಲ್ಲಿ ವರ್ಕಿಂಗ್ ಅವರ್ಸ್ ಎಂದು ಕೆಂಪು ಇಂಕಿನಲ್ಲಿ ಬರೆದಾಗಿತ್ತು. "ನಿಮಗಿದೆಲ್ಲ ತಿಳಿಯಂಗಿಲ್ಲ ಗಂಗವ್ವ, ಇದು ಪ್ರಾಜೆಕ್ಟ್. ಒಂಬತ್ತೂವರೆ ಅಂದ್ರ ಒಂಬತ್ತೂವರೆ."

"ಆತ್ರಿ" ಎಂದಳು. "ಹಂಗಾರ ಮೆಣಸಿನಕಾಯಿಗೂ ಒಂದ್ ಮಾತು ಹೇಳಿಬಿಡ್ರಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಗಡು ಕಾದು ಶೆಡ್ ಹಂಚಿನಂತಾಗುತ್ತಿತ್ತು. ಟಿಕ್ ಎನ್ನುವ ಸದ್ದು ಹೋಗಿ ಚಟ್ ಎನ್ನುವುದು ಶುರು. ಕಾಯಿ ಒಡೆದು ಬೀಜ ಉಡಿಯ ತುಂಬ. ನಾನು ಸಾಲಿನ ನಡುವೆ ಓಡಾಡುತ್ತ, "ಜೆಂಟ್ಲಿ, ಜೆಂಟ್ಲಿ" ಎನ್ನುತ್ತಿದ್ದೆ, ಮೆಣಸಿನಕಾಯಿಗಳೂ ಇಂಗ್ಲಿಷ್ ಕ್ಲಾಸಿನಲ್ಲಿ ಕುಳಿತಿವೆಯೋ ಎಂಬಂತೆ.

ಲಾಟ್ ಕಳಿಸಲು ನಾಲ್ಕು ದಿನವಿರುವಾಗ ಬೆಳಿಗ್ಗೆ ನಾನು ಹೋದರೆ, ಇಪ್ಪತ್ತೂ ಜನ ಗೇಟಿನ ಹೊರಗೆ ಮಣ್ಣಿನ ಮೇಲೆ ಕುಳಿತಿದ್ದರು. ಬೆಳಕು ಹರಿಯುವ ಮೊದಲೇ ಬಂದಿದ್ದರಂತೆ. "ಕೀಲಿ ಹಾಕಿತ್ರಿ" ಎಂದಳು ಗಂಗವ್ವ, ಅಷ್ಟೇ. ನಾಲ್ಕು ತಾಸು! ನಾನೇನು ಮಾಡಿದೆ ಗೊತ್ತೇ? ವಾಚ್ ನೋಡಿ, ಸರಿಯಾಗಿ ಒಂಬತ್ತೂವರೆಗೆ ಬೀಗ ತೆಗೆದು, ಹಾಜರಿ ಪುಸ್ತಕ ಬಿಚ್ಚಿ, ಡಿಸಿಪ್ಲಿನ್ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದೆ. ಅವರು ತಲೆ ತಗ್ಗಿಸಿ ಕೇಳಿ ಒಳಗೆ ಹೋದರು.

ಲಾಟ್ ಹೇಳಿದ ದಿನಕ್ಕೇ ಹೊರಟಿತು. ಹಾಗೆಯೇ ವಾಪಸ್ಸೂ ಬಂತು. ಒಡಕು ಹೆಚ್ಚು, ಮುಂದಿನ ಆರ್ಡರ್ ಇಲ್ಲ. ಶೆಡ್ ಮುಚ್ಚಿದೆ. ಚಾರ್ಟಿನ ಕೊನೆಯ ಮನೆ 'ಕ್ಲೋಷರ್ ರಿಪೋರ್ಟ್' ಅಲ್ಲವೇ, ಅದನ್ನೂ ತುಂಬಿದೆ: ಕೆಲಸದವರ ಅಜಾಗರೂಕತೆಯಿಂದ ನಷ್ಟ. ಎಷ್ಟು ಚೆಂದದ ಇಂಗ್ಲಿಷಿನಲ್ಲಿ ಬರೆದಿದ್ದೆನೆಂದರೆ ನನಗೇ ನಂಬಿಕೆ ಬಂದುಬಿಟ್ಟಿತು. ಆ ನಂಬಿಕೆ ಹೋಗಲು ವರ್ಷಗಳೇ ಹಿಡಿದವು.

ಗಂಗವ್ವನನ್ನು ಕೊನೆಯ ಸಲ ನೋಡಿದ್ದು ಬ್ಯಾಡಗಿಯ ಬಸ್ ಸ್ಟ್ಯಾಂಡಿನಲ್ಲಿ, ಹೋದ ಬೇಸಿಗೆ. ಬೆಳಗಿನ ಹತ್ತು ಗಂಟೆ.

"ಕೆಲ್ಸಕ್ಕ ಹೊಂಟೀರೇನು ಗಂಗವ್ವ?"

"ಮುಗಿಸಿ ಮನೀಗೆ ಹೊಂಟೇನ್ರಿ ಅಕ್ಕಾರ."

"ಅವತ್ತು ತಪ್ಪು ನಂದು. ನೀವು ಖರೇನ ಹೇಳಿದ್ರಿ" ಎಂದೆ. ರಿಪೋರ್ಟಿನ ವಿಷಯ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಆಕೆ ನನ್ನ ಮುಖವನ್ನೇ ನೋಡಿದಳು. "ಇಲ್ರಿ, ತಪ್ಪು ನಂದು. ನೀವು ಸಾಲಿ ಕಲ್ತವ್ರು, ನಿಮಗೇನ್ ಗೊತ್ತಿರ್ತೈತಿ? ನಿಮ್ಮ ಕೈಯಾಗಿನ ಕೀಲಿಕೈ ಕಸ್ಕೊಂಡು ನಾನ ಬಾಗ್ಲಾ ತೆರೀಬೇಕಿತ್ತು. ಇಪ್ಪತ್ತ್ ಮಂದಿ ಹೊಟ್ಟಿ ಪ್ರಶ್ನೆ ಇತ್ತು. ಅಂಜಿದ್ನಿ."

ಕದರಮಂಡಲಗಿಯ ಬಸ್ಸು ಬಂತು. ಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗದ್ದಲದೊಳಗೆ ಮೊಣಕೈಯಿಂದ ದಾರಿ ಮಾಡಿಕೊಂಡು, ಎಲ್ಲರಿಗಿಂತ ಮೊದಲು ಹತ್ತಿದಳು.