ಮದುವೆ ಕ್ಯಾಸೆಟ್ಟಿಗೆ ಅಂಟಿಸಿದ ಸಾವಿನ ಕೂಗು

ಆ ಕ್ಯಾಸೆಟ್ ಅಂಗಡಿಯವನನ್ನು ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟವಳು ನಾನೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಎಂಬತ್ತರ ಆಚೀಚೆ, ಊರೂರಿಗೂ ಟೇಪ್ ರೆಕಾರ್ಡರ್ ಬರುತ್ತಿದ್ದ ಕಾಲ. ಅವನದು ಶಿರಾದಲ್ಲಿ ಅಂಗಡಿ. ಬೇರೆಯವರ ಹಾಡು ತುಂಬಿಸಿಕೊಟ್ಟು ಸಾಕಾಗಿ, ತಾನೇ ಒಂದು ಮದುವೆ ಹಾಡಿನ ಕ್ಯಾಸೆಟ್ ಮಾಡಿ ಮಾರುತ್ತೇನೆಂದು ಗೌಡಗೆರೆ ಹತ್ತಿರದ ನಮ್ಮ ಹಟ್ಟಿಗೆ ಬಂದ. ನಾವು ಕುರಿ ಸಾಕುವವರು. ಸುತ್ತಿನ ಮದುವೆಗಳಲ್ಲಿ ಸೋಬಾನೆಗೆ ಮೊದಲ ದನಿ ನನ್ನದು. ನಾನು ಎತ್ತಿಕೊಟ್ಟರೆ ಉಳಿದ ಹೆಂಗಸರು ಹಿಡಿದುಕೊಳ್ಳುತ್ತಿದ್ದರು.

ಹಾಡಲು ಕರೆಯುವವರು ನಮ್ಮಲ್ಲಿ ವೀಳ್ಯ ಕೊಡಬೇಕು. ಎಲೆ, ಅಡಿಕೆ, ಒಂದು ರವಿಕೆ ಕಣ. ತೆಗೆದುಕೊಂಡರೆ ಮಾತು ಕೊಟ್ಟಂತೆ, ಜ್ವರವಿದ್ದರೂ ಹೋಗಿ ಹಾಡಬೇಕು. ಇದನ್ನೆಲ್ಲ ತಿಳಿದುಕೊಂಡೇ ಬಂದಿದ್ದ. ಕೊಟ್ಟ, ತೆಗೆದುಕೊಂಡೆ, ಹಾಡಿದೆ.

ನಡುವೆ ನೀರು ಕುಡಿಯಲು ಕೂತಾಗ ಕೇಳಿದ: “ಅವ್ವಾ, ಸತ್ತೋರ ಮನೇಲೂ ಹಾಡ್ತೀರಂತೆ. ಅದು ಹೆಂಗಿರ್ತದೆ?”

ಸತ್ತವರನ್ನು ಕರೆದು ಅಳುವ ಆ ಹಾಡಿನ ಮೊದಲ ಕೂಗನ್ನು ಮಾತ್ರ ತೋರಿಸಿದೆ. “ಸಾಕು ಬುಡು. ಬದುಕಿರೋ ಮನೇಲಿ ಇದನ್ನ ಹೇಳಬಾರ್ದು ಕಣಪ್ಪ” ಎಂದೆ. ಯಂತ್ರ ತಿರುಗುತ್ತಲೇ ಇತ್ತು. ಹಾಡುವುದು ನಿಲ್ಲಿಸಿದರೆ ಅದೂ ಕೇಳುವುದು ನಿಲ್ಲಿಸುತ್ತದೆ ಎಂದುಕೊಂಡಿದ್ದೆ. ದಡ್ಡಿ.

ಎರಡು ತಿಂಗಳ ಮೇಲೆ ಪುರವರದ ಹತ್ತಿರ ಒಂದು ಮದುವೆಗೆ ಹಾಡಲು ಹೋಗಿದ್ದೆ. ಅರಿಶಿನ ಹಚ್ಚುವಾಗ ಮೈಕಿನಲ್ಲಿ ಅವನ ಕ್ಯಾಸೆಟ್ ಹಾಕಿದರು. ಮೊದಲು ಬಂದದ್ದು ಆ ಕೂಗು. ಎರಡನೇ ಹಾಡಿಗೂ ಅದೇ, ಮೂರನೆಯದಕ್ಕೂ ಅದೇ. ಆ ಮಹಾರಾಯ ನನ್ನ ಕೂಗನ್ನು ಕತ್ತರಿಸಿ ಪ್ರತಿ ಹಾಡಿನ ತಲೆಗೂ ಅಂಟಿಸಿದ್ದ. ಮದುಮಗಳ ಅಜ್ಜಿ ಅರಿಶಿನದ ಬಟ್ಟಲು ಕೆಳಗಿಟ್ಟಳು.

“ನನ್ನ ಮೊಮ್ಮಗಳ ಮದ್ವೇಲಿ ಹೆಣದ ಹಾಡು ಹೇಳಿದ್ಯೇನೇ? ಎದ್ದೋಗೇ ಆಚೆ.”

ಎಲ್ಲರಿಗೂ ನನ್ನ ಗಂಟಲಿನ ಗುರುತಿತ್ತು. ಅವತ್ತಿನಿಂದ ಒಂದು ಮನೆಯಿಂದಲೂ ವೀಳ್ಯ ಬರಲಿಲ್ಲ. ನನ್ನ ದನಿಯೇ ಅಪಶಕುನವಾಯಿತು.

ಶಿರಾಕ್ಕೆ ಹೋಗಿ ಜಗಳವಾಡಿದೆ. ಅವನು ನಕ್ಕ. “ವೀಳ್ಯ ತಗಂಡಿದ್ಯಲ್ಲವ್ವಾ, ಟೇಪಲ್ಲಿರೋದೆಲ್ಲ ನಂದೇ. ಆ ಕೂಗಿಗೆ ಜನ ನಿಂತು ಕೇಳ್ತಾರೆ, ಅದಕ್ಕೇ ಹಾಕ್ದೆ. ಒಂದು ಕೂಗಿಗೆ ಇಷ್ಟು ರಂಪಾಟವಾ? ಬೇಕಾದ್ರೆ ಕೋರ್ಟಿಗೋಗು.”

ಹೋದೆ. ಮಧುಗಿರಿಯಲ್ಲಿ ಒಬ್ಬ ವಕೀಲರು ಕೂರಿಸಿ ಕೇಳಿದರು.

“ಈ ಹಾಡು ಬರೆದವರು ಯಾರಮ್ಮ?”

“ಯಾರೂ ಬರ್ದಿಲ್ಲ ಸ್ವಾಮಿ. ನಮ್ಮತ್ತೆ ಕಲಿಸಿದ್ರು, ಅವರಿಗೆ ಅವರತ್ತೆ.”

“ಹಾಗಾದರೆ ಅದು ಯಾರ ಸ್ವತ್ತೂ ಅಲ್ಲ.”

“ಗಂಟ್ಲು ನಂದಲ್ವಾ?”

“ಬರೆದವನಿಗೆ ಹಕ್ಕಿದೆ, ಟೇಪ್ ಮಾಡಿದವನಿಗೆ ಹಕ್ಕಿದೆ. ಬರೀ ಹಾಡಿದವರಿಗೆ ಈಗಿರುವ ಕಾನೂನಿನಲ್ಲಿ ಜಾಗ ಇಲ್ಲ. ಯಾವ ಹಾಡು, ಯಾತಕ್ಕೆ ಅಂತ ಮೊದಲೇ ಕಾಗದ ಮಾಡಿಸಬೇಕಿತ್ತು.”

“ಉಣ್ಣೆ ಕತ್ತರಿಸಿದೋನಿಗೆ ಹಕ್ಕು, ಕಂಬಳಿ ಮಾರಿದೋನಿಗೆ ಹಕ್ಕು, ಕುರಿ ಸಾಕಿದೋಳು ಬಾಯಿ ಮುಚ್ಕಂಡಿರಬೇಕಾ?” ಎಂದೆ. ಅವರು ಒಳ್ಳೆಯವರೇ. ಕಾನೂನು ತಾವು ಮಾಡಿದ್ದಲ್ಲ ಎಂದರು. ಯಾರು ಮಾಡಿದರೋ, ಅವರ ಮನೆಯ ಹೆಂಗಸರು ಹಾಡುತ್ತಿರಲಿಲ್ಲವೇನೋ.

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ವೀಳ್ಯದ ಮೇಲೆ ತಾನೇ ಅವನ ಮಾತು ನಿಂತಿರುವುದು? ವೀಳ್ಯ ತೆಗೆದುಕೊಳ್ಳುವುದಷ್ಟೇ ಅಲ್ಲ, ಹಿಂದಕ್ಕೆ ಕೊಡುವುದೂ ಉಂಟು. ಕೊಟ್ಟರೆ ಮಾತು ಮುರಿದಂತೆ.

ಶಿರಾದ ಸಂತೆಯ ದಿನ ಅವನ ಅಂಗಡಿಗೆ ಹೋಗಿ ಎಲೆ, ಅಡಿಕೆ, ಇನ್ನೂ ಹೊಲಿಸದ ಅದೇ ರವಿಕೆ ಕಣವನ್ನು ಅವನ ಮುಂದಿಟ್ಟೆ. “ತಗಳ್ಲಾ ನಿನ್ನ ವೀಳ್ಯ. ನನ್ನ ಕೂಗು ನಂಗೆ ಕೊಡು.”

“ಅದೆಂಗೆ ಕೊಡಾಕಾಯ್ತದೆ?”

“ಆಗಲ್ವಾ? ಅಂಗಾದ್ರೆ ಮಿಕ್ಕಿದ್ದೂ ಈಸ್ಕ. ಆ ಕೂಗಾದ ಮ್ಯಾಕೆ ಸತ್ತೋರ ಹೆಸ್ರು ಬರಬೇಕು. ನಿನ್ನ ಹೆಸ್ರೇ ಸೇರಿಸ್ತೀನಿ.”

ಅಂಗಡಿ ಮೆಟ್ಟಿಲ ಮೇಲೆ ಕೂತು ಕೂಗು ಎತ್ತಿದೆ. ಸಂತೆಯ ಜನ ಚೀಲ ಹಿಡಿದುಕೊಂಡೇ ನಿಂತರು. ಹೆಸರು ಇನ್ನೂ ಬಾಯಿಗೆ ಬಂದಿರಲಿಲ್ಲ, ಒಳಗಿನಿಂದ ಅವನ ತಾಯಿ ಓಡಿಬಂದು ನನ್ನ ಬಾಯಿ ಮುಚ್ಚಿದಳು.

“ಬ್ಯಾಡ ಕಣಕ್ಕಾ, ಇರೋನೊಬ್ಬ ಮಗ.” ಆಮೇಲೆ ಅವನ ಕಡೆ ತಿರುಗಿ, “ಲೇ, ಅದೇನೈತೋ ತಂದು ಕೊಡೋ ಮುಟ್ಠಾಳ!”

ತಂದ. ಮೂಲದ ಟೇಪನ್ನು ಅವನ ಕೈಯಿಂದಲೇ ಕೀಳಿಸಿದೆ. ರಾಶಿ ಹಾಕಿದ್ದ ಕ್ಯಾಸೆಟ್ಟುಗಳದ್ದೂ. ಟೇಪಿನ ಕರಿ ದಾರ ಮೊಣಕಾಲೆತ್ತರ ಬಿತ್ತು. ಮಾರಿಹೋದವು ಮಾತ್ರ ಸಿಗಲಿಲ್ಲ. ಕೊರಟಗೆರೆ ಬಸ್ಸಿನಲ್ಲಿ ಒಮ್ಮೆ ಅದೇ ಕೂಗು ಕಿವಿಗೆ ಬಿತ್ತು. ಪಾವಗಡದ ಟೀ ಅಂಗಡಿಯಲ್ಲಿ ಅದನ್ನು ಕೇಳುತ್ತ ಒಬ್ಬ “ಗೊಂತು ಬಾಗುಂದಿ” ಎಂದು ತೆಲುಗಿನಲ್ಲಿ ನನ್ನ ಗಂಟಲನ್ನು ಮೆಚ್ಚಿದ. ಟೀ ಬಿಟ್ಟು ಎದ್ದುಬಂದೆ.

ಸಂತೆಯಲ್ಲಿ ನಡೆದದ್ದು ಪುರವರಕ್ಕೂ ಮುಟ್ಟಿತ್ತು. ಮಾರನೇ ವರ್ಷ ಅದೇ ಅಜ್ಜಿ ಎರಡನೇ ಮೊಮ್ಮಗಳ ಮದುವೆಗೆಂದು ವೀಳ್ಯ ಹಿಡಿದು ಬಂದಳು. “ತಗಳೇ, ತಪ್ಪು ಅವನದಂತೆ.”

ನಾನು ಕೈ ಚಾಚಲಿಲ್ಲ. “ಯಾವ್ಯಾವ ಹಾಡಿಗೆ? ಯಂತ್ರ ಇರ್ತದಾ?”

“ಇಂಗೆಲ್ಲ ಯಾರಾದ್ರೂ ಕೇಳ್ತಾರೇನೇ? ವಕೀಲಿ ಆಗ್ಬುಟ್ಯಾ?”

“ಹೇಳಿದ್ರೆ ತಗಂತೀನಿ. ಇಲ್ದಿದ್ರೆ ಎದ್ದೋಗು ಆಚೆ.”

ಅವಳದೇ ಮಾತು. ಬಾಯಲ್ಲಿ ಏನೋ ಗೊಣಗಿಕೊಂಡು ಕೂತಳು. ಯಂತ್ರ ಇರುವುದಿಲ್ಲ ಎಂದಳು. ಅರಿಶಿನದ ಹಾಡು, ಬಳೆ ತೊಡಿಸುವ ಹಾಡು, ಧಾರೆ ಹಾಡು, ಹೆಣ್ಣೊಪ್ಪಿಸುವ ಹಾಡು ಎಂದು ಒಂದೊಂದೇ ಬೆರಳು ಮಡಿಸಿದಳು. ನಾಲ್ಕನೆಯದು ಮಡಿಸಿದ ಮೇಲೆ ಎಲೆ ತೆಗೆದುಕೊಂಡೆ.