ಮೂರನೆಯ ಭಾನುವಾರ

ನನ್ನ ಗಂಡ ಗಿಲ್ಬರ್ಟ್ ಹುಟ್ಟಿದ್ದು ಒಂದು ಶನಿವಾರ ಸಂಜೆ. ಸೋಮವಾರದವರೆಗೆ ತಡೆದುಕೊಂಡಿದ್ದರೆ ಅವನು ಆಲ್ಡರ್‌ಕೂಮ್‌ನ ಹನ್ನೊಂದನೆಯ ಅರ್ಲ್ ಪ್ರಭು ಆಗಿರುತ್ತಿದ್ದ, ನಾನು ಕೌಂಟೆಸ್ ಆಗಿ ಬೆಳ್ಳಿ ತಟ್ಟೆಯಲ್ಲಿ ಉಣ್ಣುತ್ತಿದ್ದೆ. ತಡೆಯಲಿಲ್ಲ. ಬದುಕಿನಲ್ಲಿ ಅವನು ಅವಸರ ಮಾಡಿದ್ದು ಅದೊಂದೇ ಸಲ.

ಅತ್ತೆ ಡಾರ್ಕಸ್ ದೊಡ್ಡಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು. ಮಾವ ರೂಪರ್ಟ್ ಆ ಮನೆಯ ಯಜಮಾನ, ಹತ್ತನೆಯ ಅರ್ಲ್. ಆಗಿನ್ನೂ ಮೀಸೆ ನೆಟ್ಟಗೆ ಬಲಿಯದ ಹುಡುಗ. ನೌಕಾಪಡೆಯ ಹಡಗಿನಿಂದ ರಜೆಯ ಮೇಲೆ ಬಂದು ನೋಡಿದರೆ ಡಾರ್ಕಸ್‌ಗೆ ಎಂಟು ತಿಂಗಳು. ಓಡಿಹೋಗುವ ಪೈಕಿಯವನಲ್ಲ ಅವನು. ಆ ಸಂಜೆಯೇ ಅವಳ ತಾಯಿ ಟಾಬಿತಾಳ ಮನೆ ಬಾಗಿಲು ತಟ್ಟಿದ.

"ನಾಳೆ ಬಿಷಪ್ಪರ ಹತ್ರ ಬೇಗ ಮದುವೆಯಾಗೋಕೆ ಪರವಾನಗಿ ತರ್ತೀನಿ. ನಾಡಿದ್ದು ಮದುವೆ," ಅಂದ.

ಟಾಬಿತಾ ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡಳಂತೆ. "ನನ್ನ ಮಗಳೇನು ಕದ್ದ ಮಾಲಾ ಸ್ವಾಮಿ, ಮುಚ್ಚಿಟ್ಟು ಸಾಗಿಸೋಕೆ? ಪರವಾನಗಿ ನಿಮ್ಮಂಥೋರಿಗೆ. ನಮ್ಮೋರಿಗೆ ಚರ್ಚಲ್ಲಿ ಹೆಸರು ಕೂಗಿಸ್ಬೇಕು. ಊರು ಕೇಳ್ಲಿ."

ಹೆಸರು ಕೂಗಿಸುವುದೆಂದರೆ ಮೂರು ಭಾನುವಾರ. ಪಾದ್ರಿ ಪ್ರತಿ ಸಲ ಗಂಡು ಹೆಣ್ಣಿನ ಹೆಸರು ಹೇಳಿ, ಯಾರದಾದರೂ ಅಡ್ಡಿ ಇದೆಯೇ ಎಂದು ಕೇಳಬೇಕು. ಮೂರೂ ಮುಗಿದ ಮೇಲೆ ಮದುವೆ. ಹುಡುಗ ಒಪ್ಪಿದ. ಬಡವರ ಮನೆಯ ಮರ್ಯಾದೆ ಉಳಿಸಬೇಕು ಎನ್ನುವ ಒಳ್ಳೆಯತನ ಅವನದು. ಆ ಒಳ್ಳೆಯತನಕ್ಕೆ ಬೆಂಕಿ ಹಾಕ! ಎರಡು ಭಾನುವಾರ ಸುಸೂತ್ರವಾಗಿ ಕಳೆದವು. ಮೂರನೆಯದರ ಹಿಂದಿನ ಸಂಜೆ ಅತ್ತೆಗೆ ನೋವು ಬಂತು. ಬೆಳಿಗ್ಗೆ ಪಾದ್ರಿ ಕಡೆಯ ಸಲ ಹೆಸರು ಕೂಗುವಾಗ ನನ್ನ ಗಂಡ ತೊಟ್ಟಿಲಲ್ಲಿದ್ದ. ಮದುವೆ ಸೋಮವಾರ ಆಯಿತು.

ಎರಡು ವರ್ಷದ ಮೇಲೆ ಲಯನೆಲ್ ಹುಟ್ಟಿದ. ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ. ಆದರೆ ಅರ್ಲ್ ಪಟ್ಟವೂ ಅದರ ಜೊತೆಗೇ ಹೋಗುವ ಮನೆ, ಕಾಡು, ಹೊಲಗಳೂ ಮದುವೆಯಾದ ಮೇಲೆ ಹುಟ್ಟಿದ ಗಂಡಿಗೆ ಮಾತ್ರ. ಕಾನೂನು ಗಿಲ್ಬರ್ಟನನ್ನು ಮಗ ಎಂದು ಒಪ್ಪುತ್ತದೆ, ವಾರಸುದಾರ ಎಂದು ಒಪ್ಪುವುದಿಲ್ಲ. ಇದೆಂಥ ನ್ಯಾಯವೋ ನನಗಂತೂ ಅರ್ಥವಾಗಿಲ್ಲ.

ನಗು ಬರುವ ಸಂಗತಿ ಬೇರೆ ಇದೆ. ಮಾವನ ಈ ಫಿಟ್ಸ್‌ಮೇರ್ ವಂಶದ ಮೂಲಪುರುಷನ ಚಿತ್ರ ದೊಡ್ಡಮನೆಯ ಮೆಟ್ಟಿಲ ಮೇಲೆ ನೇತಾಡುತ್ತದೆ. ಅವನು ಮುನ್ನೂರು ವರ್ಷದ ಹಿಂದಿನ ಒಬ್ಬ ರಾಜನ ಮಗ. ತಾಯಿ ರಾಣಿಯಲ್ಲ, ಅರಮನೆಯ ಬಟ್ಟೆ ಒಗೆಯುವವಳು. ಮದುವೆಯ ಮಾತೇ ಇರಲಿಲ್ಲ. ರಾಜನಿಗೆ ಮಗುವಿನ ಮೇಲೆ ಮಮತೆ ಹುಟ್ಟಿತು, ಅರ್ಲ್ ಮಾಡಿದ. ರಾಜ ಮಾಡಿದರೆ ವಂಶ, ನಮ್ಮ ಮಾವ ಮಾಡಿದರೆ ತಪ್ಪು. ಚಿತ್ರದಲ್ಲಿರುವ ಆ ಸೊಟ್ಟ ಮೂಗು ಲಯನೆಲ್‌ಗೆ ಬರಲಿಲ್ಲ. ಮಾವನಿಗಿತ್ತು, ಅವನಿಂದ ನೇರ ನನ್ನ ಗಂಡನ ಮುಖಕ್ಕೆ ಬಂತು.

ಊರವರು ಅವನನ್ನು 'ಶನಿವಾರದ ಪ್ರಭು' ಎನ್ನುತ್ತಿದ್ದರು. ಹೆಂಡದಂಗಡಿಯಲ್ಲಿ ಕಮ್ಮಾರ ಜೆತ್ರೋ ಕೂಗುತ್ತಿದ್ದ: "ಬನ್ನಿ ಪ್ರಭುಗಳೇ, ನನ್ನ ಹತ್ರ ಒಂದು ಭಾನುವಾರ ಹೆಚ್ಚಿಗೆ ಇದೆ, ಬೇಕಾ?"

"ನಿಂಗೇ ಇರ್ಲಿ ಬಿಡೋ, ನೀನು ಚರ್ಚಿಗೆ ಹೋಗಿ ಎಷ್ಟು ದಿನ ಆಯ್ತು," ಎನ್ನುತ್ತಿದ್ದ ಗಿಲ್ಬರ್ಟ್. ಎಲ್ಲರೊಡನೆ ತಾನೂ ನಗುತ್ತಿದ್ದ. ಮನೆಗೆ ಬಂದು ಬೂಟು ಬಿಚ್ಚುವಾಗ ನಗು ಇರುತ್ತಿರಲಿಲ್ಲ.

ಮಾವ ಸತ್ತ ದಿನ ಶವದ ಹಿಂದೆ ಯಾರು ಎಲ್ಲಿ ನಡೆಯಬೇಕೆಂದು ಹೇಳಲು ಲಂಡನ್ನಿನಿಂದ ಒಬ್ಬ ಕರಿಕೋಟಿನವನು ಬಂದಿದ್ದ. ಲಯನೆಲ್ ಮುಂದೆ, ಒಬ್ಬನೇ. ಗಿಲ್ಬರ್ಟ್ ಹಿಂದೆ, ಒಕ್ಕಲುಗಳ ಜೊತೆ. ಲಯನೆಲ್ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಅಣ್ಣನ ಕೈ ಹಿಡಿದೆಳೆದ. ಕರಿಕೋಟಿನವನು, "ಪ್ರಭುಗಳೇ, ಕ್ರಮ ತಪ್ಪುತ್ತೆ," ಅಂದ.

"ನಿನ್ನ ಕ್ರಮಾನ ಗುಂಡಿಗೆ ಹಾಕಯ್ಯ!" ಅಂದ ಲಯನೆಲ್.

ಕೈ ಬಿಡಿಸಿಕೊಂಡವನು ನನ್ನ ಗಂಡನೇ. "ಹೋಗೋ ಲಯನೆಲ್. ಅಪ್ಪನ್ನ ಕಾಯಿಸ್ಬೇಡ," ಅಂದ.

ಲಯನೆಲ್ ಬಂಗಾರದಂಥವನು. ಅವನನ್ನು ಬೈಯಲು ಆಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎಲ್ಲವನ್ನೂ ಅಣ್ಣನ ಹೆಸರಿಗೆ ಬರೆದುಕೊಡಲು ಹೊರಟ. ಮುತ್ತಜ್ಜನ ಕಾಲದ ಕಟ್ಟುಪಾಡಿನ ಪ್ರಕಾರ ಆಸ್ತಿ ಪಟ್ಟವನ್ನು ಬಿಟ್ಟು ಹೋಗುವಂತಿಲ್ಲ ಎಂದರು ವಕೀಲರು. ಅಣ್ಣನಿಗೂ ಪಟ್ಟ ಕೊಡಿ ಎಂದು ಅರಮನೆಗೆ ಅರ್ಜಿ ಹಾಕಿದ. ಹೊಸ ಪಟ್ಟ ಕೊಡುವ ಕಾಲ ಹೋಯಿತು ಎಂದು ವಿನಯದ ಉತ್ತರ ಬಂತು. ಗಿಲ್ಬರ್ಟನ ಕೈಗೆ ಕಾಡು, ಬೇಲಿ, ಮನೆಯ ಸೂರು ಎಲ್ಲ ಒಪ್ಪಿಸಿ, "ನಾನು ನಿನ್ನ ಕುರ್ಚಿ ಕಾಯ್ತಿರೋನು ಕಣೋ, ಅಷ್ಟೆ," ಎನ್ನುತ್ತಿದ್ದ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಮಾತು ಮರೆಸುತ್ತಿದ್ದ. ಕಳೆದ ಚಳಿಗಾಲ ಎದೆಗೆ ಶೀತ ಹಿಡಿದು ಹೋಗಿಬಿಟ್ಟ.

ಮಣ್ಣು ಮಾಡಿದ ಮರುದಿನ ಪತ್ರಿಕೆಯಲ್ಲಿ ಬಂತು: ರಾಜರಕ್ತದ ಫಿಟ್ಸ್‌ಮೇರ್ ವಂಶ ಗಂಡು ವಾರಸುದಾರನಿಲ್ಲದೆ ಮುಗಿಯಿತು. ಗಿಲ್ಬರ್ಟ್ ತಿಂಡಿಯ ಮೇಜಿನಲ್ಲಿ ಅದನ್ನು ಎರಡು ಸಲ ಓದಿದ.

"ಮುಗೀತಂತೆ ಹೆಟ್ಟಿ. ನಾನಿಲ್ಲಿ ಮೊಟ್ಟೆ ತಿಂತಾ ಕೂತಿದೀನಲ್ಲೇ," ಅಂದ.

ನಾನು ಅವನ ಚಹಾಕ್ಕೆ ಇನ್ನಷ್ಟು ಹಾಲು ಹಾಕಿದೆ.

ಪಟ್ಟ ಅಳಿದರೆ ಆಸ್ತಿ ಮುತ್ತಜ್ಜನ ತಂಗಿಯ ಕಡೆಯವರಿಗೆ ಎಂದು ಅದೇ ಕಟ್ಟುಪಾಡಿನಲ್ಲಿದೆ. ಅವರು ಈ ಮನೆಯ ಮುಖ ನೋಡಿದವರಲ್ಲ, ಆಗಲೇ ಮಾರಾಟಕ್ಕಿಟ್ಟಿದ್ದಾರೆ. ದೊಡ್ಡಮನೆಯಿಂದ ಅತ್ತೆಯೂ ಗೇಟಿನ ಪಕ್ಕದ ಮನೆಯಿಂದ ನಾವೂ ಸೆಪ್ಟೆಂಬರ್ ಕೊನೆಗೆ ಹೊರಡಬೇಕು. ಗಿಲ್ಬರ್ಟ್ ಮಾತ್ರ ದಿನಾ ಬೆಳಿಗ್ಗೆ ಹೋಗಿ, ಯಾರೋ ಕೊಂಡುಕೊಳ್ಳಲಿರುವ ಸೂರಿನ ಹೆಂಚು ಸರಿಮಾಡುತ್ತಾನೆ. "ಅಮ್ಮ ಒಳಗಿದಾಳಲ್ಲ, ಸೋರತ್ತೆ," ಎನ್ನುತ್ತಾನೆ. ಬೈದರೂ ಕೇಳುವುದಿಲ್ಲ.

ಅತ್ತೆಗೆ ಈಗ ಮರೆವು. ಲಯನೆಲ್ ಹೋದದ್ದು ನೆನಪಿರುವುದಿಲ್ಲ. ಹೋದ ಭಾನುವಾರ ಅವಳನ್ನು ನಡುವೆ ಕೂರಿಸಿಕೊಂಡು ಚರ್ಚಿನಲ್ಲಿದ್ದೆವು. ಕಟುಕರ ಮನೆಯ ಹುಡುಗಿಯ ಮದುವೆ ಗೊತ್ತಾಗಿತ್ತು. ಪಾದ್ರಿ ಇಬ್ಬರ ಹೆಸರು ಕೂಗಿ, "ಇದು ಎರಡನೆಯ ಸಲ. ಯಾರದಾದರೂ ಅಡ್ಡಿ ಇದ್ದರೆ ಹೇಳಬಹುದು," ಎಂದರು.

ಅತ್ತೆ ದಡಕ್ಕನೆ ಎದ್ದು ನಿಂತಳು.

"ಕಾಯ್ಬೇಡಿ ಸ್ವಾಮಿ! ಇನ್ನೊಂದು ಭಾನುವಾರ ಕಾಯ್ಬೇಡಿ! ಮಗು ಬರ್ತಾ ಇದೆ, ಇವತ್ತೇ ಮದುವೆ ಮುಗಿಸ್ಬಿಡಿ!"

ಕಟುಕರ ಹುಡುಗಿ ಕೆಂಪಗಾದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಅರ್ಧಕ್ಕೆ ನಿಲ್ಲಿಸಿದರು. ಗಿಲ್ಬರ್ಟ್ ಅಮ್ಮನ ಭುಜ ಹಿಡಿದು ಮೆಲ್ಲಗೆ ಕೂರಿಸಿದ. ಅವಳು ಅವನ ಮುಖವನ್ನೇ, ಆ ಸೊಟ್ಟ ಮೂಗನ್ನೇ ನೋಡಿದಳು.

"ರೂಪರ್ಟ್, ಮಗು ಬಂದ್ಬಿಡ್ತಾ?"

ಅವನು ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ.

"ಬಂತು ಡಾರ್ಕಸ್," ಅಂದ. "ಗಂಡು."

"ಮದುವೆ?"

"ಮದುವೆ ನಿನ್ನೆನೇ ಆಯ್ತಲ್ಲ."

ಅವಳು ಬೆಂಚಿಗೆ ಒರಗಿದಳು. "ಹಾಗಾದ್ರೆ ಎಲ್ಲಾ ಅವನಿಗೇ ಬರತ್ತೆ, ಅಲ್ವಾ?"

"ಹೂಂ," ಅಂದ ನನ್ನ ಗಂಡ. "ಎಲ್ಲಾ ಅವನಿಗೇ."